ಎಣ್ಣಿಗೆ ಮೊದಲು ಎಣಿಕೆ

ನಮ್ಮ ಕಲಬುರಗಿ ಸೀಮೆಯಲ್ಲಿ ಕೀಟನಾಶಕಕ್ಕೆ ಜನ ‘ಎಣ್ಣಿ’ ಅನ್ನುತ್ತಾರೆ. ಸೀಗಿ ಹುಣ್ಣಿಮೆಯಿಂದ ಎಳ್ಳ ಅಮಾವಾಸ್ಯೆಯ ತನಕ ದಾರಿಯಲ್ಲಿ ಸಿಕ್ಕವರು ಮೊದಲು ಕೇಳುವುದೇ ‘ಎಣ್ಣಿ ಹೊಡದ್ರೇನ್ರಿ?’ ಎಂದು. ತೊಗರಿ ಹೂ ಬಿಟ್ಟು ಕಾಯಿ ಕಟ್ಟುವುದು ಈ ಎರಡು ಹಬ್ಬಗಳ ನಡುವೆ. ಕಾಯಿಕೊರಕ ಕೀಡೆ ಬರುವುದೂ ಅದೇ ಹೊತ್ತಿಗೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿತು. ಆ ಹೆಸರಿನ ಹಿಂದಿರುವ ಎರೆ ಭೂಮಿಯಲ್ಲಿ ಮೂವತ್ತು ವರ್ಷ ತೊಗರಿ ಬೆಳೆದು, ತಪ್ಪಿ, ತಿದ್ದಿಕೊಂಡು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಹೊಸದಾಗಿ ಹೊಲಕ್ಕಿಳಿಯುತ್ತಿರುವ ಹುಡುಗರು ಇದನ್ನು ಓದಬೇಕೆಂಬುದು ನನ್ನ ಆಸೆ.

1. ಪಂಪು ಹೆಗಲಿಗೇರಿಸುವುದು ಕೀಡೆಯಲ್ಲ, ಹೆದರಿಕೆ

1997ರ ಆ ಹಂಗಾಮನ್ನು ನಮ್ಮ ಭಾಗದಲ್ಲಿ ಯಾರೂ ಮರೆತಿಲ್ಲ. ಕಾಯಿ ಕಟ್ಟುವ ಹೊತ್ತಿಗೆ ಮೋಡ ಕವಿದು ಅಕಾಲ ಮಳೆ ಹಿಡಿಯಿತು. ಅದರ ಬೆನ್ನಿಗೇ ಕೀಡೆ. ಬೆಳಿಗ್ಗೆ ಹೊಲಕ್ಕೆ ಹೋದರೆ ಹಿಕ್ಕೆ ಉದುರುವ ಸಪ್ಪಳ ಕಿವಿಗೆ ಬೀಳುವಷ್ಟಿತ್ತು. ಪಕ್ಕದ ಹೊಲದಲ್ಲಿ ಪಂಪಿನ ಸದ್ದು ಕೇಳಿದರೆ ಸಾಕು, ನಾನೂ ಅಂಗಡಿಗೆ ಓಡುತ್ತಿದ್ದೆ. ಆ ವರ್ಷ ಏಳು ಸಲ ಹೊಡೆದೆ. ಐದನೆಯ ಸಲ ಕೀಡೆ ಸಾಯುತ್ತಿಲ್ಲವೆಂದು ಅಂಗಡಿಯವರು ಮೂರು ಬಗೆಯ ಎಣ್ಣಿ ಕೊಟ್ಟು, ಒಂದೇ ಪಂಪಿಗೆ ಬೆರೆಸಿ ಹೊಡೆಯಲು ಹೇಳಿದರು. ಬೆರೆಸಿದೆವು. ಕೀಡೆ ಹಾಗೇ ಉಳಿಯಿತು. ನಮ್ಮ ತಮ್ಮ ಬಿದ್ದ.

ಮಧ್ಯಾಹ್ನದ ಬಿಸಿಲು. ಅಂಗಿಯಿಲ್ಲದೆ, ಬರಿಗಾಲಲ್ಲಿ, ಎದೆಯೆತ್ತರದ ತೊಗರಿಯ ನಡುವೆ ಎದುರುಗಾಳಿಗೆ ಹೊಡೆಯುತ್ತಿದ್ದ. ತಲೆ ಸುತ್ತುತ್ತದೆ ಎಂದು ಬದುವಿನ ಮೇಲೆ ಕುಳಿತವನ ಬಾಯಿಂದ ಜೊಲ್ಲು ಸುರಿಯತೊಡಗಿತು, ಮೈಯೆಲ್ಲ ಬೆವರು. ಕಣ್ಣು ಬಿಡಿಸಿ ನೋಡಿದರೆ ಪಾಪೆ ಸೂಜಿಮೊನೆಯಷ್ಟಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ‘ಯಾವ ಔಷಧ?’ ಎಂದು. ನನಗೆ ಹೆಸರು ಗೊತ್ತಿರಲಿಲ್ಲ. ಡಬ್ಬಿ ತರಲು ಮತ್ತೆ ಊರಿಗೆ ಹೋಗಿ ಬರಬೇಕಾಯಿತು. ಅಟ್ರೋಪಿನ್ ಸೂಜಿಯ ಮೇಲೆ ಸೂಜಿ ಚುಚ್ಚಿ ಅವನನ್ನು ಉಳಿಸಿದರು. ಆ ದಿನದಿಂದ ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು: ಎಣ್ಣಿ ಹೊಡೆಯುವ ದಿನ ಖಾಲಿ ಡಬ್ಬಿಯ ಲೇಬಲ್ಲು ಮನೆಯವರ ಕೈಗೆ ಸಿಗುವಂತೆ ಇರಬೇಕು.

2. ಗಸಗಸೆಗಿಂತ ಸಣ್ಣದನ್ನು ನೋಡಲು ಕಲಿತೆ

ಈ ಒಂದು ಕಲಿಕೆ ನನ್ನ ಖರ್ಚನ್ನು ಅರ್ಧಕ್ಕಿಳಿಸಿತು. ಮೊದಲು ನಾನು ಕೀಡೆ ಹುಡುಕುತ್ತಿದ್ದೆ, ಈಗ ತತ್ತಿ ಹುಡುಕುತ್ತೇನೆ. ಕಾಯಿಕೊರಕದ ಪತಂಗ ತತ್ತಿಗಳನ್ನು ಗುಂಪಾಗಿ ಇಡುವುದಿಲ್ಲ. ಮೊಗ್ಗಿನ ಮೇಲೆ, ಹೂವಿನ ಬುಡದಲ್ಲಿ, ಎಳೆ ಕುಡಿಯಲ್ಲಿ ಒಂದೊಂದಾಗಿ ಇಡುತ್ತದೆ. ಹೊಸ ತತ್ತಿ ಹಳದಿ ಬೆರೆತ ಬಿಳುಪು. ಕೊಂಬೆಯನ್ನು ಬಿಸಿಲಿಗೆ ಓರೆ ಹಿಡಿದರೆ ಅದರ ಮೈಮೇಲೆ ಕುಂಬಳಕಾಯಿಯ ಗೀರಿನಂಥ ಗೆರೆಗಳು ಕಾಣುತ್ತವೆ. ಒಡೆಯುವ ಮೊದಲು ಕಂದು ಬಣ್ಣಕ್ಕೆ ತಿರುಗುತ್ತದೆ. ಮೂರು ನಾಲ್ಕು ದಿನದಲ್ಲಿ ಮರಿ ಹೊರಬರುತ್ತದೆ.

ನನ್ನ ಪದ್ಧತಿ ಸರಳ. ಹೂ ಶುರುವಾದ ಮೇಲೆ ವಾರಕ್ಕೆ ಎರಡು ಸಲ, ಬಿಸಿಲೇರುವ ಮೊದಲು, ಹೊಲದ ನಾಲ್ಕು ಮೂಲೆ ಮತ್ತು ನಡುವೆ ಐದೈದು ಗಿಡ ನೋಡುತ್ತೇನೆ. ಬದುವಿನ ಸಾಲು ಬಿಟ್ಟು ಒಳಗೆ ಹೋಗಬೇಕು. ಬದುವಿನ ಮೇಲೆ ನಿಂತು ನೋಡಿದವನಿಗೆ ಬದುವಿನ ಹುಳವೇ ಕಾಣುತ್ತದೆ. ಸಿಕ್ಕ ತತ್ತಿ, ಕೀಡೆಗಳನ್ನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಗಿಡಕ್ಕೆ ಸರಾಸರಿ 2 ತತ್ತಿ ಅಥವಾ 1 ಮರಿಕೀಡೆ ಬಂತೆಂದರೆ ಕೈ ಹಾಕಬೇಕು, ಅದಕ್ಕಿಂತ ಕೆಳಗಿದ್ದರೆ ಸುಮ್ಮನಿರಬೇಕು. ಕೃಷಿ ವಿಜ್ಞಾನಿಗಳು ಇದನ್ನು ‘ಆರ್ಥಿಕ ನಷ್ಟದ ರೇಖೆ’ ಎನ್ನುತ್ತಾರೆ. ಅಂದರೆ ಕೀಡೆ ತಿನ್ನುವ ಕಾಳಿನ ಬೆಲೆ ಎಣ್ಣಿ ಮತ್ತು ಕೂಲಿಯ ಖರ್ಚಿಗಿಂತ ಕಡಿಮೆ ಇರುವಾಗ ಹೊಡೆದವನಿಗೆ ನಷ್ಟವೇ.

ಸುಮ್ಮನಿರುವುದು ಎಲ್ಲಕ್ಕಿಂತ ಕಷ್ಟ. ಅದಕ್ಕೆ ಗಿಡದ ಸ್ವಭಾವ ಗೊತ್ತಿರಬೇಕು. ತೊಗರಿ ಅರಳಿಸಿದ ಹೂವಿನಲ್ಲಿ ಬಹುಪಾಲನ್ನು ತಾನೇ ಉದುರಿಸುತ್ತದೆ. ಮೊದಲ ಹೂ ಹೋದರೂ ನೆಲದಲ್ಲಿ ಹಸಿ ಇದ್ದರೆ ಮತ್ತೆ ಹೂ ಬಿಡುತ್ತದೆ. ಆರಂಭದಲ್ಲಿ ನಾಲ್ಕು ಹೂವಿಗೆ ತೂತು ಬಿದ್ದಿತೆಂದು ಹೊಡೆಯುವ ಮೊದಲ ಎಣ್ಣಿಯಿಂದ ಸಾಯುವುದು ಹೆಚ್ಚಾಗಿ ಜೇಡ, ಗುಲಗಂಜಿ ಹುಳ, ಸಣ್ಣ ಕಣಜಗಳೇ. ಕೀಡೆಯ ಈ ಶತ್ರುಗಳು ಸತ್ತ ಹೊಲಕ್ಕೆ ಎರಡನೆಯ ಎಣ್ಣಿ ತಪ್ಪುವುದಿಲ್ಲ.

3. ಮೋಹಕ ಬಲೆ ಸುದ್ದಿ ಹೇಳುತ್ತದೆ, ಕೀಡೆ ಗುಡಿಸುವುದಿಲ್ಲ

ಎಕರೆಗೆ ಎರಡು ಬಲೆ, ಗಿಡದ ತಲೆಗಿಂತ ಒಂದಡಿ ಮೇಲೆ. ಒಳಗಿನ ಲ್ಯೂರಿನ ವಾಸನೆಗೆ ಗಂಡು ಪತಂಗಗಳಷ್ಟೇ ಬೀಳುತ್ತವೆ. ಹೆಣ್ಣು ಹೊರಗೇ ಇರುತ್ತದೆ, ತತ್ತಿಯನ್ನೂ ಇಡುತ್ತದೆ. ಹೀಗಾಗಿ ಬಲೆ ಕಟ್ಟಿದೆವು, ಇನ್ನು ಚಿಂತೆಯಿಲ್ಲ ಎಂದುಕೊಂಡರೆ ಮೋಸ ಹೋಗುತ್ತೇವೆ. ಬಲೆಯ ಕೆಲಸ ದಿನಾಂಕ ಹೇಳುವುದು. ಎರಡು ಮೂರು ರಾತ್ರಿ ಸತತವಾಗಿ ಬಲೆಗೆ 8–10 ಪತಂಗ ಬಿದ್ದರೆ, ಅಂದಿನಿಂದಲೇ ತತ್ತಿ ಹುಡುಕಲು ಇಳಿಯಬೇಕು. ಲ್ಯೂರನ್ನು ಮೂರು ನಾಲ್ಕು ವಾರಕ್ಕೊಮ್ಮೆ ಬದಲಿಸಬೇಕು. ಹತ್ತಿಯ ಗುಲಾಬಿ ಕಾಯಿಕೊರಕದ ಲ್ಯೂರು ತೊಗರಿಗೆ ಬರುವುದಿಲ್ಲ. ಅಂಗಡಿಯಲ್ಲಿ ಕೇಳಿಯೇ ಕೊಳ್ಳಿ. ಒಂದು ವರ್ಷ ನಾನು ಕೇಳದೆ ತಂದು, ಖಾಲಿ ಬಲೆ ನೋಡಿ ಪತಂಗವೇ ಇಲ್ಲವೆಂದು ನಂಬಿ ಹತ್ತು ದಿನ ಕಳೆದುಕೊಂಡೆ.

4. ಬೇವು ಕೆಲಸ ಮಾಡುತ್ತದೆ, ಮಾಡಿಕೊಳ್ಳುವವನು ಸರಿಯಾಗಿ ಮಾಡಿಕೊಂಡರೆ

‘ಬೇವಿನಿಂದ ಏನೂ ಆಗಲಿಲ್ಲ’ ಎನ್ನುವವರ ಮನೆಗೆ ಹೋಗಿ ನೋಡಿದ್ದೇನೆ. ಹಳೆಯ ಬೀಜ, ಬೂಷ್ಟು ಹಿಡಿದು ಕಪ್ಪಾಗಿರುತ್ತದೆ. ಇಲ್ಲವೇ ಅವರು ಹೊಡೆದದ್ದು ದೊಡ್ಡ ಕೀಡೆಯ ಮೇಲೆ. ಹಣ್ಣು ಉದುರುವ ಜೂನ್ ಹೊತ್ತಿಗೇ ಬೀಜ ಆರಿಸಿ, ತಿರುಳು ತೊಳೆದು, ನೆರಳಿನಲ್ಲಿ ಒಣಗಿಸಿ, ಗಾಳಿಯಾಡುವ ಗೋಣಿಚೀಲದಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲ ಬೇಡ. ಹೊಡೆಯುವ ಹಿಂದಿನ ದಿನ 5 ಕಿಲೋ ಬೀಜದ ತಿರುಳನ್ನು ತರಿಯಾಗಿ ಕುಟ್ಟಿ, 10 ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಹಳೆಯ ಧೋತರದಲ್ಲಿ ಹಿಂಡಿ ಸೋಸಿ, 100 ಲೀಟರಿಗೆ ಏರಿಸಬೇಕು. ಎಲೆಗೆ ಅಂಟುವಂತೆ ಒಂದಿಷ್ಟು ಸಾಬೂನು ಸೇರಿಸಬೇಕು. ಇದೇ ಶೇಕಡಾ 5ರ ಕಷಾಯ. ಹಿಂಡುವಾಗ ನೊರೆ ಹಾಲಿನಂತೆ ಬಿಳಿಯಾಗಿ, ಬಾಯಿಗೆ ತಾಗಿದರೆ ದಿನವಿಡೀ ಕಹಿ ಉಳಿಯಬೇಕು.

ಸಂಜೆಯೇ ಹೊಡೆಯಬೇಕು, ಏಕೆಂದರೆ ಬಿಸಿಲಿಗೆ ಬೇವಿನ ಸತ್ವ ಹೋಗುತ್ತದೆ. ಮರುದಿನ ಹೋಗಿ ಸತ್ತ ಕೀಡೆ ಹುಡುಕಬೇಡಿ. ಬೇವು ಕೀಡೆಯ ಬಾಯಿ ಕಟ್ಟುತ್ತದೆ, ಪೊರೆ ಬಿಡುವುದನ್ನು ಕೆಡಿಸುತ್ತದೆ, ಪತಂಗ ತತ್ತಿಯಿಡುವುದನ್ನು ತಗ್ಗಿಸುತ್ತದೆ. ಇದಕ್ಕೆಲ್ಲ ಒಂದು ವಾರ ಬೇಕು. ಕೀಡೆ ಅಂಗುಲ ದಾಟಿದ ಮೇಲೆ ಬೇವಿಗೆ ಬಗ್ಗುವುದಿಲ್ಲ.

5. ಕೀಡೆಗೂ ಜ್ವರ ಬರುತ್ತದೆ

ಎನ್‌ಪಿವಿ ಎಂಬ ನಂಜಾಣು ಇದೆ. ಕಾಯಿಕೊರಕದ ಎನ್‌ಪಿವಿ ಆ ಜಾತಿಯ ಕೀಡೆಗಳಿಗಷ್ಟೇ ಮಾರಕ. ಜೇನು, ಹಕ್ಕಿ, ದನ, ಮನುಷ್ಯ ಯಾರಿಗೂ ಏನೂ ಆಗುವುದಿಲ್ಲ. ಎಲೆಯ ಜೊತೆ ಅದನ್ನು ತಿಂದ ಕೀಡೆ ಮಂಕಾಗಿ, ಗಿಡದ ತುದಿಗೆ ಹತ್ತಿ, ಹಿಂಗಾಲು ಹಿಡಿದು ತಲೆಕೆಳಗಾಗಿ ಜೋತು ಸಾಯುತ್ತದೆ. ಮುಟ್ಟಿದರೆ ಚರ್ಮ ಹರಿದು ಕೆನೆಯಂಥ ರಸ ಸುರಿಯುತ್ತದೆ. ಆ ರಸ ಕೆಳಗಿನ ಎಲೆಗೆ ಬಿದ್ದು ಉಳಿದ ಕೀಡೆಗಳಿಗೆ ದಾಟುತ್ತದೆ. ಮೊದಲ ಸಲ ನೋಡಿದಾಗ ನನಗೆ ವಾಂತಿ ಬರುವಂತಾಗಿತ್ತು. ಈಗ ತುದಿಯಲ್ಲಿ ಜೋತ ಕೀಡೆ ಕಂಡರೆ ಮನಸ್ಸು ತಣ್ಣಗಾಗುತ್ತದೆ.

ಎಕರೆಗೆ 100 ಎಲ್.ಇ. ಬೇಕು. ಎಲ್.ಇ. ಎಂದರೆ ನಂಜು ತಗುಲಿ ಸತ್ತ ಒಂದು ಬಲಿತ ಕೀಡೆಯಲ್ಲಿರುವಷ್ಟು ನಂಜಾಣು. ಇದು ತಿಳಿದ ಮೇಲೆ ನಾವು ಜೋತುಬಿದ್ದ ಕೀಡೆಗಳನ್ನು ಬಾಟಲಿಯಲ್ಲಿ ಕೂಡಿಟ್ಟು, ಅರೆದು, ಸೋಸಿ ಮತ್ತೆ ಹೊಡೆಯುವುದನ್ನೂ ಮಾಡಿದ್ದೇವೆ. ಆದರೆ ಮನೆಯಲ್ಲಿ ಮಾಡಿದ್ದರ ಬಲ ಒಂದೇ ಸಮ ಇರುವುದಿಲ್ಲ. ಆದ್ದರಿಂದ ಮೊದಲ ಸಿಂಪಡಣೆಗೆ ಕೃಷಿ ವಿಶ್ವವಿದ್ಯಾಲಯದಲ್ಲಿ ತಯಾರಾದ ದ್ರಾವಣವನ್ನೇ ತರುವುದು ವಾಸಿ. ಲೀಟರಿಗೆ 5 ಗ್ರಾಂ ಬೆಲ್ಲ ಕರಗಿಸಿದರೆ ಕೀಡೆ ಎಲೆಯನ್ನು ಬೇಗ ತಿನ್ನುತ್ತದೆ. ನೇಸರ ಮುಳುಗುವ ಹೊತ್ತಿಗೆ ಹೊಡೆಯಿರಿ, ಬಿಸಿಲಿನ ಕಿರಣ ನಂಜಾಣುವನ್ನು ಸುಡುತ್ತದೆ. ಮರಿಕೀಡೆಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಬಲಿತ ಕೀಡೆಯೂ ಸಾಯುತ್ತದೆ, ಆದರೆ ಸಾಯುವಷ್ಟರಲ್ಲಿ ಕಾಯಿ ತಿಂದು ಮುಗಿಸಿರುತ್ತದೆ.

6. ಅವ್ವನ ಹಳೆಯ ಸೀರೆ

ಬಲಿತ ಕೀಡೆಗೆ ಏನು ಮಾಡಬೇಕೆಂದು ಹೇಳಿಕೊಟ್ಟದ್ದು ನಮ್ಮವ್ವ. ತಮ್ಮ ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ಆಕೆ ಅಂದಳು: ‘ಎಣ್ಣಿ ಹೊಡದು ಹೊಡದು ಮಗನ್ನ ಕಳಕೊಳ್ಳೂದಿತ್ತು. ಗಿಡಾ ಝಾಡಿಸಿ ನೋಡು. ನಮ್ಮಪ್ಪ ಹಂಗೇ ಮಾಡ್ತಿದ್ದ.’ ನಾನು ನಂಬಲಿಲ್ಲ. ಅವಳೇ ಎರಡು ಹಳೆಯ ಸೀರೆ ತಂದು ಸಾಲಿನ ನಡುವೆ ಹಾಸಿದಳು. ಗಿಡದ ಬುಡಕ್ಕಿಂತ ಮೇಲೆ ಹಿಡಿದು ಎರಡು ಸಲ ಮೆಲ್ಲಗೆ ಅಲುಗಾಡಿಸಿದಳು. ಮಳೆಹನಿ ಬಿದ್ದಂತೆ ಟಪಟಪ ಎಂದವು. ಹಸಿರು, ಕಂದು, ಒಂದೆರಡು ಗುಲಾಬಿ ಬಣ್ಣದವೂ ಇದ್ದವು. ತಿಂದ ಮೇವಿನ ಪ್ರಕಾರ ಈ ಕೀಡೆ ಬಣ್ಣ ಬದಲಿಸುತ್ತದೆ. ಬಿದ್ದದ್ದೇ ಸುರುಳಿ ಸುತ್ತಿಕೊಂಡವು. ಒಂದು ಸಾಲು ಮುಗಿಯುವಷ್ಟರಲ್ಲಿ ಬುಟ್ಟಿಯ ತಳ ಮುಚ್ಚಿತು. ಆ ಬುಟ್ಟಿ ಕೋಳಿಗಳಿಗೆ ಹೋಯಿತು.

ನಮ್ಮ ಕಡೆಯ ಈ ಹಳೆಯ ರೂಢಿಯನ್ನು ಪಟಾನ್‌ಚೆರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳು ಪರೀಕ್ಷೆ ಮಾಡಿ ಒಪ್ಪಿದ್ದಾರೆ, ಬೇರೆ ಊರುಗಳಿಗೂ ಹಬ್ಬಿಸಿದ್ದಾರೆ. ಅವ್ವನಿಗೆ ಅದನ್ನು ಹೇಳಿದಾಗ ಆಕೆಗೇನೂ ಅಚ್ಚರಿಯಾಗಲಿಲ್ಲ.

ಮಾಡುವಾಗ ಕೆಲವು ಸಂಗತಿ ಗೊತ್ತಿರಲಿ. ಹಾಸು ಇಲ್ಲದೆ ಝಾಡಿಸಬೇಡಿ. ನೆಲಕ್ಕೆ ಬಿದ್ದ ಕೀಡೆ ತಾಸಿನೊಳಗೆ ಮತ್ತೆ ಗಿಡ ಹತ್ತುತ್ತದೆ. ಸೀರೆಗಿಂತ ತಾಡಪತ್ರಿ ವಾಸಿ, ಎಳೆದುಕೊಂಡು ಹೋಗಬಹುದು. ಸಾಲಿನ ಅಂತರ ಇಕ್ಕಟ್ಟಾದರೆ ಈ ಕೆಲಸವೇ ಆಗುವುದಿಲ್ಲ. ಅದಕ್ಕಾಗಿಯೇ ನಾನು ಬಿತ್ತುವಾಗಲೇ ಸಾಲು ಅಗಲ ಬಿಡುತ್ತೇನೆ. ಮರಿಕೀಡೆ ಹೂವಿನೊಳಗೆ ಅಡಗಿರುವುದರಿಂದ ಝಾಡಿಸಿದರೆ ಬೀಳುವುದಿಲ್ಲ. ಬಲಿತದ್ದು ಮಾತ್ರ ಬೀಳುತ್ತದೆ. ಹೂ ಉದುರುತ್ತದಲ್ಲ ಎಂದು ಎಲ್ಲರೂ ಹೆದರುತ್ತಾರೆ. ನಾನೂ ಹೆದರಿದ್ದೆ, ಝಾಡಿಸಿದ ಸಾಲಿಗೂ ಬಿಟ್ಟ ಸಾಲಿಗೂ ಕಾಯಿ ಎಣಿಸಿ ನೋಡಿದ ಮೇಲೆ ಆ ಹೆದರಿಕೆ ಹೋಯಿತು.

ಕೂಲಿ ಬೇಕು, ನಿಜ. ಒಂದು ಎಕರೆಗೆ ನಾಲ್ಕು ಮಂದಿಯ ಅರ್ಧ ದಿನ ಹೋಗುತ್ತದೆ. ಈಗ ಕೂಲಿ ಸಿಗದ ಕಾಲ, ಇದನ್ನು ನನ್ನ ಹನ್ನೆರಡು ಎಕರೆಗೂ ಮಾಡಲಾಗುವುದಿಲ್ಲ. ಹೊಲದಲ್ಲಿ ಕೀಡೆ ಜಾಸ್ತಿಯಿರುವ ತುಂಡುಗಳಿಗೆ ಮಾತ್ರ ಮಾಡುತ್ತೇನೆ. ಆ ತುಂಡು ಯಾವುದೆಂದು ಹೇಳುವುದು ಮತ್ತೆ ನೋಟ್‌ಬುಕ್ಕಿನ ಎಣಿಕೆಯೇ.

7. ಹಕ್ಕಿಗೆ ಕುಳಿತುಕೊಳ್ಳಲು ಜಾಗ ಕೊಡಿ

ತೊಗರಿ ಬಿತ್ತುವಾಗ ಬೀಜದ ಜೊತೆ ಒಂದೆರಡು ಹಿಡಿ ಜೋಳ ಬೆರೆಸುತ್ತೇವೆ. ಅಲ್ಲೊಂದು ಇಲ್ಲೊಂದು ಜೋಳದ ದಂಟು ಎತ್ತರಕ್ಕೆ ನಿಲ್ಲುತ್ತದೆ. ಕಾಜಾಣ ಅದರ ಮೇಲೆ ಕುಳಿತು ಕಾಯುತ್ತದೆ, ಕೀಡೆ ಕಂಡೊಡನೆ ಎರಗಿ, ಮತ್ತೆ ಅದೇ ದಂಟಿಗೆ ಬಂದು ತಿನ್ನುತ್ತದೆ. ಜೋಳ ಹಾಕದವರು ಎಕರೆಗೆ ಇಪ್ಪತ್ತರಂತೆ ಕವಲುಕಟ್ಟಿಗೆ ನೆಟ್ಟರೂ ಸಾಕು.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುತ್ತೇವಲ್ಲ. ಅಂದು ಸಜ್ಜೆ ಕಡಬು, ಭಜ್ಜಿ, ಅನ್ನ ಕಲಸಿ ಹೊಲದ ಸುತ್ತ ಎರಚಿದಾಗ ಗೊರವಂಕ, ಕಾಗೆಗಳ ಹಿಂಡೇ ಇಳಿಯುತ್ತದೆ. ಅನ್ನಕ್ಕೆಂದು ಇಳಿದ ಹಕ್ಕಿ ಗಿಡದ ಕೀಡೆಯನ್ನು ಬಿಡುತ್ತದೆಯೇ? ಕಾಯಿ ತುಂಬುವ ಹೊತ್ತಿಗೇ ಈ ಹಬ್ಬ ಬರುವುದನ್ನು ನೋಡಿದರೆ ಹಿರಿಯರು ಭೂಮಿತಾಯಿಯ ಜೊತೆ ಹಕ್ಕಿಯನ್ನೂ ಊಟಕ್ಕೆ ಕರೆದಿದ್ದರು ಎಂದು ನನಗನ್ನಿಸುತ್ತದೆ. ನಾನಂತೂ ಈಗ ಹೂ ಬಿಟ್ಟಾಗಿನಿಂದಲೇ ವಾರಕ್ಕೊಮ್ಮೆ ಉಳಿದ ಅನ್ನವನ್ನು ಸಾಲುಗಳಲ್ಲಿ ಚೆಲ್ಲುತ್ತೇನೆ.

8. ಸಾವಯವ ಎಂದದ್ದೆಲ್ಲ ಎಲ್ಲ ಬೆಳೆಗೂ ಹೊಂದುವುದಿಲ್ಲ

ಕೀಟದ ತತ್ತಿಯನ್ನು ನಾಶಮಾಡುವ ಟ್ರೈಕೋಗ್ರಾಮ ಎಂಬ ಸಣ್ಣ ಕಣಜ ಕಬ್ಬಿನಲ್ಲಿ ಒಳ್ಳೆಯ ಕೆಲಸ ಮಾಡುತ್ತದೆ. ಅದರ ಕಾರ್ಡು ತಂದು ಎರಡು ವರ್ಷ ತೊಗರಿಗೆ ಕಟ್ಟಿದೆ, ಹಣ ಹೋಯಿತು. ಆಮೇಲೆ ತಿಳಿಯಿತು: ತೊಗರಿಯ ಮೊಗ್ಗು ಮತ್ತು ಕಾಯಿಯ ಮೇಲಿನ ಅಂಟು ರೋಮಗಳಲ್ಲಿ ಆ ಕಣಜ ನಡೆಯಲಾರದೆ ಸಿಕ್ಕಿಬೀಳುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆ ಪಲ್ಸ್ ಮ್ಯಾಜಿಕ್ ಬಗ್ಗೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಆ ಪುಡಿ ಹೂ ಉದುರುವುದನ್ನು ತಡೆಯುವ ಪೋಷಕಾಂಶ, ಕೀಡೆಗೆ ಔಷಧವಲ್ಲ. ಅದನ್ನು ಹೊಡೆದು ಕೀಡೆ ಸಾಯಲಿಲ್ಲವೆಂದು ದೂರಿದರೆ ಪುಡಿಯ ತಪ್ಪಲ್ಲ.

9. ಎಣ್ಣಿ ಬೇಕಾದಾಗ ಬೇಕು

ನಾನು ರಾಸಾಯನಿಕವನ್ನು ಪೂರ್ತಿ ಬಿಟ್ಟವನಲ್ಲ. ಮೋಡ ಮುಸುಕಿ, ಎಣಿಕೆ ರೇಖೆ ದಾಟಿ, ಬೇವು, ನಂಜಾಣುಗಳಿಗೆ ಸಮಯವಿಲ್ಲದಾಗ ಒಂದು ಸಲ ಹೊಡೆಯುತ್ತೇನೆ. ಕೆಲವು ವರ್ಷ ಅದೂ ಬೇಕಾಗಿಲ್ಲ, ಒಂದು ಕೆಟ್ಟ ವರ್ಷ ಎರಡು ಸಲ ಬೇಕಾಯಿತು. ಡಬ್ಬಿಯ ಮೇಲಿನ ತ್ರಿಕೋನ ನೋಡುತ್ತೇನೆ. ಕೆಂಪು ಅತಿ ವಿಷ, ನಂತರ ಹಳದಿ, ನೀಲಿ, ಎಲ್ಲಕ್ಕಿಂತ ಕಡಿಮೆ ವಿಷದ್ದು ಹಸಿರು. ಕೆಂಪನ್ನು ಮನೆಗೆ ತರುವುದಿಲ್ಲ. ಬೆರಕೆ ಮಾಡುವುದಿಲ್ಲ. ಒಂದೇ ಬಗೆಯದನ್ನು ಮತ್ತೆ ಮತ್ತೆ ಬಳಸುವುದಿಲ್ಲ. 1987ರಲ್ಲಿ ಆಂಧ್ರದ ಹತ್ತಿಯಲ್ಲಿ ಇದೇ ಕೀಡೆ ಪೈರಿಥ್ರಾಯ್ಡ್ ಎಣ್ಣಿಗಳಿಗೆ ಸಾಯದೆ ಉಳಿದದ್ದು, ಅವನ್ನೇ ಎಡೆಬಿಡದೆ ಹೊಡೆದದ್ದರಿಂದ. ಸಾಯದೆ ಉಳಿದವುಗಳ ಸಂತಾನವೇ ಮುಂದಿನ ವರ್ಷ ಹೊಲ ತುಂಬುತ್ತದೆ.

ಜೇನು ಹೂವಿನ ಮೇಲಿರುವ ಬೆಳಗಿನ ಹೊತ್ತು ಬೇಡ. ಗಾಳಿಗೆ ಬೆನ್ನು ಕೊಟ್ಟು ನಡೆಯಬೇಕು. ತುಂಬುತೋಳಿನ ಅಂಗಿ, ಮುಖಕ್ಕೆ ಬಟ್ಟೆ, ಕೈಗವಸು. ತಮ್ಮ ಇವತ್ತಿಗೂ ಪಂಪು ಮುಟ್ಟುವುದಿಲ್ಲ, ಅವನಿಗೆ ಯಾರೂ ಹೇಳುವುದೂ ಇಲ್ಲ.

10. ಮುಂದಿನ ವರ್ಷದ ಕೀಡೆ ಈಗ ಮಣ್ಣಲ್ಲಿದೆ

ಬಲಿತ ಕೀಡೆ ಮಣ್ಣಿಗಿಳಿದು ಕೋಶವಾಗುತ್ತದೆ. ರಾಶಿ ಮುಗಿದ ಮೇಲೆ ಆಳವಾಗಿ ರಂಟೆ ಹೊಡೆದರೆ ಕಂದು ಬಣ್ಣದ ಕೋಶಗಳು ಹೆಂಟೆಯ ಜೊತೆ ಮೇಲೆ ಬರುತ್ತವೆ, ಬಿಸಿಲಿಗೂ ಬೆಳ್ಳಕ್ಕಿಗೂ ಸಿಗುತ್ತವೆ. ಈ ವಿಷಯದಲ್ಲಿ ನನ್ನ ಅಕ್ಕಪಕ್ಕದವರು ಜೊತೆಗೂಡದಿದ್ದರೆ ನಾನೊಬ್ಬ ಮಾಡಿದ್ದು ಅರ್ಧಕ್ಕೇ ನಿಲ್ಲುತ್ತದೆ. ಪತಂಗಕ್ಕೆ ನನ್ನ ಬದು, ಅವರ ಬದು ಎಂಬುದಿಲ್ಲ. ನಮ್ಮ ಓಣಿಯ ಆರು ಮನೆಯವರು ಈಗ ಎಣಿಕೆಯನ್ನು ಫೋನಿನಲ್ಲಿ ಹಂಚಿಕೊಳ್ಳುತ್ತೇವೆ. ಇಷ್ಟು ಮಾಡಿದ್ದಕ್ಕೇ ಸುಳ್ಳು ಗಾಬರಿಯ ಎಣ್ಣಿ ಬಹಳಷ್ಟು ನಿಂತಿದೆ.

11. ಕಾಯಿನೊಣದ ಮುಂದೆ ನಾನಿನ್ನೂ ಕಲಿಯುತ್ತಿದ್ದೇನೆ

ಕೊರಕ ಹುಳ ಗುಂಡಗೆ ತೂತು ಮಾಡಿ, ತಲೆ ಕಾಯಿಯೊಳಗಿಟ್ಟು ಮೈ ಹೊರಗೆ ಬಿಟ್ಟು ತಿನ್ನುತ್ತದೆ, ದೂರದಿಂದಲೇ ಕಾಣುತ್ತದೆ. ಕಾಯಿನೊಣ ಹಾಗಲ್ಲ. ಎಳೆ ಕಾಯಿಯ ಸಿಪ್ಪೆಯೊಳಗೇ ತತ್ತಿಯಿಡುತ್ತದೆ. ಬಿಳಿ ಹುಳ ಕಾಳಿನೊಳಗೇ ಬೆಳೆದು, ಕಾಯಿಯೊಳಗೇ ಕೋಶವಾಗುತ್ತದೆ. ಹೊರಗಿನಿಂದ ಕಾಯಿ ಚೆಂದವಾಗಿರುತ್ತದೆ. ನೊಣ ಹಾರಿಹೋದ ಮೇಲೆ ಗುಂಡುಸೂಜಿ ತಲೆಯಷ್ಟು ತೂತು ಕಾಣುವಾಗ ಒಳಗಿನ ಕಾಳು ಮುದುಡಿ ಬೂದಿಯಾಗಿರುತ್ತದೆ. ಬಲೆಯೂ, ಹಕ್ಕಿಯೂ, ಝಾಡಿಸುವುದೂ ಇದಕ್ಕೆ ಹತ್ತುವುದಿಲ್ಲ. ತಡವಾಗಿ ಮಾಗುವ ತುಂಡುಗಳಲ್ಲಿ ಇದರ ಕಾಟ ಹೆಚ್ಚೆಂದು ನನ್ನ ನೋಟ್‌ಬುಕ್ಕು ಹೇಳುತ್ತದೆ. ಅದಕ್ಕೇ ಎರಡು ವರ್ಷದಿಂದ ಬೇಗ ಬರುವ ತಳಿಯನ್ನು ಅರ್ಧ ಹೊಲಕ್ಕೆ ಹಾಕಿ ನೋಡುತ್ತಿದ್ದೇನೆ. ಕಾಯಿ ಕಟ್ಟಿದ ಮೇಲೆ ವಾರಕ್ಕೊಮ್ಮೆ ಎರಡೂ ಕಡೆಯಿಂದ ನೂರು ನೂರು ಕಾಯಿ ಕಿತ್ತು ತರುತ್ತೇನೆ. ರಾತ್ರಿ ಊಟವಾದ ಮೇಲೆ ಮಗಳೂ ನಾನೂ ಕುಳಿತು ಸುಲಿಯುತ್ತೇವೆ. ಹುಳವಿದ್ದದ್ದು ಒಂದು ಬಟ್ಟಲಿಗೆ ಹೋಗುತ್ತದೆ, ಇಲ್ಲದ್ದು ಉಪ್ಪುನೀರಿನಲ್ಲಿ ಕುದಿಯಲು ಒಲೆಯ ಮೇಲಿನ ಪಾತ್ರೆಗೆ.